ಗಾಂಜಾ ಹೊಗೆ ‘ಬರೀ ಸೊಪ್ಪಿನ ಹೊಗೆ’ಯೇ? ಸತ್ಯಾಂಶ ಇಲ್ಲಿದೆ

ಮೈಸೂರಿನ ಕಾಲೇಜು ಹುಡುಗರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: “ಗಾಂಜಾ ಬರೀ ಸೊಪ್ಪು. ಸಿಗರೇಟಿನ ಥರ ಶ್ವಾಸಕೋಶ ಹಾಳಾಗಲ್ಲ, ಚಟವೂ ಹತ್ತಲ್ಲ.” ಎರಡೂ ಸುಳ್ಳು.

ಸೊಪ್ಪು ಯಾವುದೇ ಇರಲಿ, ಸುಟ್ಟರೆ ಟಾರ್, ಕಾರ್ಬನ್ ಮೊನಾಕ್ಸೈಡ್ ಬಂದೇ ಬರುತ್ತವೆ. ತಂಬಾಕಿನ ಹೊಗೆಯಲ್ಲಿರುವ ಎಷ್ಟೋ ಕ್ಯಾನ್ಸರ್‌ಕಾರಕಗಳು ಇದರಲ್ಲೂ ಇವೆ. ಸೇದುವ ರೀತಿಯನ್ನೇ ನೋಡಿ: ಸಾಮಾನ್ಯವಾಗಿ ಫಿಲ್ಟರ್ ಇರುವುದಿಲ್ಲ, ದಮ್ಮು ಆಳಕ್ಕೆಳೆದು ಉಸಿರು ಬಿಗಿಹಿಡಿಯುತ್ತಾರೆ. ಅಷ್ಟು ಹೊತ್ತೂ ಟಾರ್ ಒಳಗೇ ಕೂರುತ್ತದೆ. ದಿನಾ ಸೇದುವವರಿಗೆ ಕೆಮ್ಮು, ಕಫ, ಎದೆಯಲ್ಲಿ ಗೊರಗೊರ. ನಾಡಿಬಡಿತವೂ ಏರುತ್ತದೆ, ಹೃದ್ರೋಗಿಗಳಿಗೆ ಅಪಾಯ.

ನನಗೆ ಹೆಚ್ಚು ಆತಂಕ ತರುವುದು ಮಿದುಳಿನ ವಿಚಾರ. ಸುಮಾರು 25ನೇ ವಯಸ್ಸಿನವರೆಗೂ ಅದು ಬೆಳೆಯುತ್ತಲೇ ಇರುತ್ತದೆ. ಹದಿಹರೆಯದಲ್ಲೇ ಶುರುಮಾಡಿ ದಿನಾ ಸೇದಿದರೆ ನೆನಪು, ಗಮನ ಕುಂದುತ್ತವೆ. ಇಲ್ಲದ ದನಿ ಕೇಳುವ, ಎಲ್ಲರನ್ನೂ ಅನುಮಾನಿಸುವ ಮನೋರೋಗದ ಸಾಧ್ಯತೆಯೂ ಹೆಚ್ಚು. ಮನೆತನದಲ್ಲಿ ಅಂಥ ಕಾಯಿಲೆ ಇದ್ದರಂತೂ ಇನ್ನೂ ಹೆಚ್ಚು.

ಚಟವೂ ಹತ್ತುತ್ತದೆ. ಬಿಟ್ಟ ದಿನಗಳಲ್ಲಿ ನಿದ್ದೆ ಬಾರದು, ಊಟ ಸೇರದು, ಮಾತುಮಾತಿಗೂ ಸಿಡುಕು. ಇದು ಕೆಲವು ವಾರಗಳಲ್ಲಿ ಇಳಿಯುತ್ತದೆ. ನೆರವು ಬೇಕಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.