ಯಾನಿಂಗ್ಸ್ ನಟನೆ ಬಗ್ಗೆ ಇನ್ನೂ ಬರೆಯಬೇಕಿತ್ತು

ಜರ್ಮನ್ ನಿರ್ದೇಶಕ ಮುರ್ನೌ ಅವರ 1924ರ ಮೂಕಿಚಿತ್ರ ‘ಡೆರ್ ಲೆಟ್ಸ್ಟೆ ಮಾನ್’ ಬಗ್ಗೆ ಬರೆದಿದ್ದಕ್ಕೆ ಥ್ಯಾಂಕ್ಸ್. ಲೇಖನದಲ್ಲಿ ಕಾರ್ಲ್ ಫ್ರಾಯ್ಂಡ್ ಕ್ಯಾಮೆರಾ ಕೆಲಸದ ಮಾತೇ ಜಾಸ್ತಿ. ಅದು ಸರಿಯೇ. ಕುಡಿದ ಅಮಲಿನ ದೃಶ್ಯಕ್ಕೆ ಕ್ಯಾಮೆರಾವನ್ನು ಎದೆಗೇ ಕಟ್ಟಿಕೊಂಡವರು ಅವರು. ಆದರೆ ಮುಖ್ಯ ಪಾತ್ರ ಮಾಡಿದ ಎಮಿಲ್ ಯಾನಿಂಗ್ಸ್‌ಗೆ ಎರಡೇ ಸಾಲು ಸಾಕಾ?

ಅವರ ಪಾತ್ರ ಬರ್ಲಿನ್ನಿನ ದೊಡ್ಡ ಹೋಟೆಲಿನ ಬಾಗಿಲು ಕಾಯುವ ಮುದುಕ. ಹೊಳೆಯುವ ಗುಂಡಿಗಳ ಕೋಟು ತೊಟ್ಟು ನಿಂತರೆ ಸೇನಾಪತಿಯ ಗತ್ತು. ವಯಸ್ಸಾಯ್ತು ಅಂತ ಅವನನ್ನು ಶೌಚಾಲಯದ ಕೆಲಸಕ್ಕೆ ಹಾಕುತ್ತಾರೆ. ಮೈಮೇಲಿನ ಕೋಟು ಬಿಚ್ಚಿಸುವಾಗ ಒಂದು ಗುಂಡಿ ಕಿತ್ತು ನೆಲಕ್ಕೆ ಬೀಳುತ್ತದಲ್ಲ, ನನಗೆ ಕರುಳು ಹಿಂಡಿದಂತಾಯಿತು. ಅಲ್ಲಿಂದ ಮುಂದೆ ಅವನ ಬೆನ್ನು ನೋಡಿ. ಹೆಗಲು ಇಳಿದು, ಸೊಂಟ ಬಗ್ಗಿ, ಬೇರೆ ಮನುಷ್ಯನೇ ಆಗಿಬಿಡುತ್ತಾನೆ. ಆಗ ಯಾನಿಂಗ್ಸ್‌ಗೆ ಸುಮಾರು 40 ವರ್ಷ ಅಷ್ಟೇ!

ಕಥೆಯ ನಡುವೆ ಪರದೆ ಮೇಲೆ ಬರುವ ಬರಹದ ಫಲಕ ಒಂದೇ, ಅದೂ ಕೊನೆಯ ಹತ್ತಿರ. ಉಳಿದದ್ದೆಲ್ಲ ಮೈಯಲ್ಲೇ ಹೇಳಬೇಕು. ಆಮೇಲೆ ಮೊದಲ ಆಸ್ಕರ್‌ನಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಅವರಿಗೇ ಬಂತು, ಬೇರೆ ಚಿತ್ರಗಳಿಗೆ.

ಒಂದು ಮಾತು ಮಾತ್ರ ಒಪ್ಪಲಾರೆ. ಆಸ್ತಿ ಬಂದು ಮುದುಕ ಸಾಹುಕಾರನಾಗುವ ಕೊನೆಯನ್ನು ನೀವು ಹೊಗಳಿದ್ದೀರಿ. ಶೌಚಾಲಯದ ಕುರ್ಚಿಯಲ್ಲಿ ಅವನು ಕುಸಿದು ಕೂತಲ್ಲಿಗೇ ಸಿನಿಮಾ ಮುಗಿಯಬೇಕಿತ್ತು, ಅಲ್ವಾ?