ಆಷಾಢದಲ್ಲಿ ಹೊರಟ ಚಂದ್ರಯಾನ

ಇವತ್ತು ಬೆಳಿಗ್ಗೆ ಮುಂಬೈನ ಡೊಂಬಿವಲಿ ಫಾಸ್ಟ್ ಲೋಕಲ್ ರೈಲಿನಲ್ಲಿ ನಮ್ಮ ಕನ್ನಡದ ಗುಂಪಿನ ಹಿರಿಯರೊಬ್ಬರು ಅಂದರು: "ಇಸ್ರೋದವರೂ ಮುಹೂರ್ತ ನೋಡಿಯೇ ರಾಕೆಟ್ ಬಿಡೋದು ಮಾರಾಯ್ರೇ. ಇಲ್ಲದಿದ್ರೆ 2:35 ಅಂತ ನಿಮಿಷ ಹಿಡಿದು ಯಾಕೆ ಹೇಳ್ತಾರೆ?" ಸುತ್ತ ನಿಂತವರೆಲ್ಲ ತಲೆಯಾಡಿಸಿದರು. ಥಾಣೆ ನಿಲ್ದಾಣ ಬರುವವರೆಗೆ ವಾದ ಮಾಡಿದೆ. ಆಮೇಲೆ ನೂಕುನುಗ್ಗಲಲ್ಲಿ ಮಾತು ನಿಂತಿತು. ಸಿಟ್ಟು ನಿಂತಿಲ್ಲ.

ಚಂದ್ರಯಾನ-3 ಹೊರಟಿದ್ದು 2023ರ ಜುಲೈ 14ರ ಮಧ್ಯಾಹ್ನ, ಅವರು ಹೇಳಿದ ಆ 2:35ಕ್ಕೆ. ಆಷಾಢ! ನಮ್ಮ ಊರ ಕಡೆ ಮದುವೆ, ಗೃಹಪ್ರವೇಶ ಯಾವುದೂ ಇಟ್ಟುಕೊಳ್ಳದ ತಿಂಗಳು. ಚಂದ್ರಯಾನ-2 ಕೂಡ ಆಷಾಢದಲ್ಲೇ ಹೊರಟಿತು. ಮಂಗಳಯಾನ ಹೊರಟಿದ್ದು ಮಂಗಳವಾರ. ಇದು ಯಾವ ಪಂಚಾಂಗದ ಮುಹೂರ್ತ, ಹೇಳಿ?

ಚಂದ್ರಯಾನ-3ರಲ್ಲಿ ಚಂದ್ರನ ಮೇಲೆ ಇಳಿದ ನೌಕೆ, ವಿಕ್ರಮ್ ಲ್ಯಾಂಡರ್, ಕೆಲಸ ಮಾಡಿದ್ದು ಬಿಸಿಲಿನಿಂದ. ಚಂದ್ರನ ಮೇಲೆ ಒಂದು ಹಗಲು ಅಂದರೆ ನಮ್ಮ ಸುಮಾರು 14 ದಿನ. ಆಮೇಲೆ ಅಷ್ಟೇ ಉದ್ದದ ರಾತ್ರಿ, ಯಂತ್ರಗಳನ್ನೇ ಕೊಲ್ಲುವ ಚಳಿ. ಹಾಗಾಗಿ ಇಳಿಯುವ ಜಾಗದಲ್ಲಿ ಬೆಳಗಾಗುವ ಹೊತ್ತಿಗೆ ಅಲ್ಲಿರಬೇಕು. ಆ ಬೆಳಗು ಆಗಸ್ಟ್ 23ಕ್ಕೆ ಇತ್ತು. ಅಲ್ಲಿಂದ ಹಿಂದಕ್ಕೆ ಎಣಿಸುತ್ತಾ ಬಂದು ಜುಲೈ ಹಿಡಿದರು. ಇನ್ನು ಆ ನಿಮಿಷ? ಶ್ರೀಹರಿಕೋಟೆಯೂ ಭೂಮಿಯ ಜೊತೆ ತಿರುಗುತ್ತಲೇ ಇರುತ್ತದೆ. ನೌಕೆ ಸೇರಬೇಕಾದ ದಾರಿಗೆ ಅದು ಸರಿಯಾಗಿ ಎದುರಾಗುವುದು ಸ್ವಲ್ಪ ಹೊತ್ತು ಮಾತ್ರ. ತಪ್ಪಿದರೆ ದಾರಿ ತಿದ್ದಲು ಇಂಧನ ಸುಡಬೇಕು.

ಮಂಗಳನದ್ದು ಇನ್ನೂ ಕಷ್ಟ. ಸುಮಾರು 26 ತಿಂಗಳಿಗೊಮ್ಮೆ ಮಾತ್ರ ಅವಕಾಶ. 2013ರ ಕೊನೆಗೆ ಹೊರಡದೇ ಇದ್ದಿದ್ದರೆ 2016ರವರೆಗೆ ಕಾಯಬೇಕಿತ್ತು. 2023ರ ಜುಲೈ 30ಕ್ಕೆ ಇಸ್ರೋದ ಒಂದು ಪಿಎಸ್‌ಎಲ್‌ವಿ ರಾಕೆಟ್ಟನ್ನು ಬರೀ ಒಂದು ನಿಮಿಷ ತಡವಾಗಿ ಬಿಟ್ಟರು, 6:30ರ ಬದಲು 6:31. ಬಾಹ್ಯಾಕಾಶದ ಕಸಕ್ಕೆ ಡಿಕ್ಕಿ ಹೊಡೆಯಬಾರದು ಅಂತ. ಮುಹೂರ್ತವಾಗಿದ್ದರೆ ಒಂದು ನಿಮಿಷಕ್ಕೆ ಕೆಡುತ್ತಿತ್ತಾ?

"ರಾಕೆಟ್ ಬಿಡೋಕೆ ಮುಂಚೆ ಇಸ್ರೋದವರು ತಿರುಪತಿಗೆ ಹೋಗ್ತಾರಲ್ಲ" ಅಂದರು ಆ ಹಿರಿಯರು. ಹೋಗಲಿ. ಮಗಳ ಪರೀಕ್ಷೆಗೆ ಮುಂಚೆ ನಾನೂ ಮಾಟುಂಗಾದಲ್ಲಿ ದೇವಸ್ಥಾನಕ್ಕೆ ಹೋಗುತ್ತೇನೆ. ಪರೀಕ್ಷೆಯ ಟೈಮ್ ಅರ್ಚಕರು ಇಟ್ಟಿದ್ದಲ್ಲ. ಎಷ್ಟೋ ಜನ ನಿದ್ದೆಗೆಟ್ಟು ಹಾಕಿದ ಲೆಕ್ಕವನ್ನು ಸುಮ್ನೆ ಪಂಚಾಂಗಕ್ಕೆ ಬರೆದುಕೊಡುವುದು ನನಗೆ ಸಹಿಸಲಾಗುವುದಿಲ್ಲ.

ಒಂದು ಮಾತು ಒಪ್ಪಿಕೊಳ್ಳಬೇಕು. 2019ರ ಜುಲೈ 14ರ ರಾತ್ರಿ ಅಪ್ಪ, ನಾನು ಟಿವಿ ಮುಂದೆ ಕೂತಿದ್ದೆವು. 15ರ ನಸುಕಿನ 2:51ಕ್ಕೆ ಹೊರಡಬೇಕಿದ್ದ ಚಂದ್ರಯಾನ-2, 56 ನಿಮಿಷ ಇರುವಾಗ ನಿಂತಿತು. "ಇಷ್ಟು ದಿನ ಏನು ಮಾಡ್ತಿದ್ರು ಇವರು" ಅಂತ ನಾನು ಬೈದೆ. ಅಪ್ಪ, "ನಿಲ್ಲಿಸಿದ್ದೇ ದೊಡ್ಡ ಕೆಲಸ ಕಣೋ, ಮಲಗು" ಅಂದರು. ವಾರದ ನಂತರ, 22ರ ಮಧ್ಯಾಹ್ನ, ಆಫೀಸಿಗೆ ಅವರದೇ ಫೋನ್ ಬಂತು. "ಹೋಯ್ತು ನೋಡು" ಅಂದರು. ಗಂಟಲು ತುಂಬಿತ್ತು.