ಸಹ್ಯಾದ್ರಿಯ ಮಳೆಗೆ ಯಾವ ವಾಚ್?

ಮೇ ಮುಗಿಯುತ್ತಾ ಬಂತೆಂದರೆ ಪುಣೆಯಲ್ಲಿರುವ ನಮ್ಮ ಕನ್ನಡದ ಹುಡುಗ ಹುಡುಗಿಯರಿಗೆ ಗಡಗಳ, ಅಂದರೆ ಬೆಟ್ಟದ ಕೋಟೆಗಳ ಹುಚ್ಚು ಹಿಡಿಯುತ್ತದೆ. ರೇನ್‌ಕೋಟ್ ಆಯಿತು, ಶೂ ಆಯಿತು, ಆಮೇಲೆ ಬರುವುದು ವಾಚಿನ ಮಾತು. ಈ ಸಲ ಕೇಳಿದವನು ನನ್ನ ಚಿಕ್ಕಪ್ಪನ ಮಗ. ಹಿಂಜವಡಿಯಲ್ಲಿ ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿಲ್ಲ. "ಅಕ್ಕಾ, ಇದರಾಗ ಹೈಟ್ ತೋರಸ್ತೈತಿ, ದಿಕ್ಕು ತೋರಸ್ತೈತಿ, ಮಿಲಿಟರಿ ಟೆಸ್ಟೂ ಆಗೇತಂತ. ತಗೊಳ್ಲೇನು?" ಎಂದು ಫೋಟೊ ಕಳಿಸಿದ್ದ. ಫೋನಿನಲ್ಲಿ ಅವನಿಗೆ ಹೇಳಿದ್ದು ಅರ್ಧ. ಪೂರ್ತಿ ಇಲ್ಲಿ ಬರೆಯುತ್ತಿದ್ದೇನೆ, ಬೇರೆಯವರಿಗೂ ಬೇಕಾದೀತು.

ನನ್ನ ಅಭಿಪ್ರಾಯ ಇಷ್ಟು. ಹೊರಗಿನ ಕೆಲಸಕ್ಕೆ ವಾಚ್ ಕೊಳ್ಳುವಾಗ ನಮ್ಮ ಮಳೆ, ನಮ್ಮ ಬಿಸಿಲು, ನಮ್ಮ ಕಲ್ಲು ಅದನ್ನು ಏನು ಮಾಡುತ್ತವೆ ಅನ್ನುವುದನ್ನು ಮೊದಲು ನೋಡಬೇಕು. ಜಾಹೀರಾತಿನಲ್ಲಿ ಹೊಗಳುವ ಬಹಳಷ್ಟು ಸಂಗತಿಗಳು ಚಳಿ ದೇಶಗಳ ಬೆಟ್ಟಕ್ಕೆ ಹೊಂದುವಂಥವು. ಅವುಗಳಿಗೆ ದುಡ್ಡು ಸುರಿದು ಸೀಲು, ಬೆಲ್ಟು, ಅಂಕಿ ಕಾಣುವುದು ಇವನ್ನು ಯಾರೂ ಕೇಳುವುದೇ ಇಲ್ಲ ಅನ್ನುವುದು ನನ್ನ ಬೇಸರ.

ನನ್ನದು ಅಂತರ್ಜಲದ ಕೆಲಸ. ಬೇಸಿಗೆಯೆಲ್ಲ ಪುರಂದರ, ಭೋರ್ ಕಡೆಯ ಹಳ್ಳಿಗಳ ಬಾವಿಕಟ್ಟೆಯ ಮೇಲೆ ಕಳೆಯುತ್ತದೆ. ಬಾವಿಯ ನೀರಿನ ಶಕ್ತಿ ತಿಳಿಯಲು ಮಾಡುವ ಪಂಪಿಂಗ್ ಟೆಸ್ಟ್ ನೋಡಿದವರಿಗೆ ಗೊತ್ತು, ಪಂಪ್ ಶುರುವಾದ ಕ್ಷಣದಿಂದ ನೀರು ಎಷ್ಟು ಇಳಿಯಿತು ಎಂದು ಮೊದಮೊದಲು ನಿಮಿಷಕ್ಕೊಮ್ಮೆ, ಆಮೇಲೆ ಐದು ಹತ್ತು ನಿಮಿಷಕ್ಕೊಮ್ಮೆ ಅಳೆಯಬೇಕು. ಒಬ್ಬರು ಕಟ್ಟೆಯಿಂದ ಬಗ್ಗಿ ಟೇಪ್ ಬಿಡುತ್ತಾರೆ, ಇನ್ನೊಬ್ಬರು ವಾಚ್ ನೋಡಿ "ಹಾಂ" ಅನ್ನುತ್ತಾರೆ, ಮೂರನೆಯವರು ಬರೆದುಕೊಳ್ಳುತ್ತಾರೆ. ಪಂಪ್ ಎಷ್ಟು ನೀರು ಎತ್ತುತ್ತಿದೆ ಎಂದು ತಿಳಿಯಲು ಪೈಪಿನ ಬಾಯಿಗೆ 200 ಲೀಟರಿನ ಡ್ರಮ್ ಇಟ್ಟು ಸೆಕೆಂಡ್ ಎಣಿಸುತ್ತೇವೆ. 50 ಸೆಕೆಂಡಿನಲ್ಲಿ ತುಂಬಿದರೆ ಸೆಕೆಂಡಿಗೆ 4 ಲೀಟರ್. ಡ್ರಮ್ ಉಕ್ಕುವ ಹೊತ್ತಿಗೆ ಕೈಯೆಲ್ಲ ನೀರು, ಬೆರಳಿಗೆ ಡೀಸೆಲ್ ಜಿಡ್ಡು, ನೆತ್ತಿಯ ಮೇಲೆ ಮೇ ತಿಂಗಳ ಬಿಸಿಲು. ಮೊಬೈಲಿನ ಸ್ಕ್ರೀನ್ ಒದ್ದೆ ಬೆರಳಿಗೆ ಬಗ್ಗುವುದಿಲ್ಲ, ಬಿಸಿಲಿಗೆ ಕಾಣುವುದೂ ಇಲ್ಲ. ಆಗ ಬೇಕಾದದ್ದು ದೊಡ್ಡ ಅಂಕಿ ಮತ್ತು ಒತ್ತಿದ್ದು ಬೆರಳಿಗೆ ಗೊತ್ತಾಗುವ ಗುಂಡಿ.

ಹಾಗಾಗಿ ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಂಕಿ ಬರುವ ಎಲ್‌ಸಿಡಿ ವಾಚ್ ಬೇಡ. ಅಂಗಡಿಯ ದೀಪದಡಿ ಚೆನ್ನಾಗಿ ಕಾಣುತ್ತದೆ, ಕಾಡಿನ ನೆರಳಿಗೆ ಹೋದರೆ ಮುಖದ ಹತ್ತಿರ ತಂದು ತಿರುಗಿಸಿ ತಿರುಗಿಸಿ ನೋಡಬೇಕು. ಬೂದು ಹಿನ್ನೆಲೆಯಲ್ಲಿ ಕಪ್ಪು ಅಂಕಿ ಇರಲಿ. ಮುಳ್ಳಿನ ವಾಚ್ ಇಷ್ಟವಾದರೆ ಕಪ್ಪು ಡಯಲ್, ದೊಡ್ಡ ಬಿಳಿ ಅಂಕಿ, ಕತ್ತಲಲ್ಲಿ ಹೊಳೆಯುವ ಮುಳ್ಳು. ಎರಡನೇ ಮಹಾಯುದ್ಧದ ಕೊನೆಗೆ ಬ್ರಿಟಿಷ್ ಸೇನೆ 12 ಸ್ವಿಸ್ ಕಂಪನಿಗಳಿಂದ ಮಾಡಿಸಿಕೊಂಡ ವಾಚುಗಳ ರೂಪ ಇದೇ. ಇಂದಿಗೂ ಫೀಲ್ಡ್ ವಾಚ್ ಎಂದು ಮಾರುವವು ಹೆಚ್ಚುಕಡಿಮೆ ಆ ಜಾತಿಯವೇ.

ಈಗ ನೀರಿನ ವಿಷಯ. ನಮ್ಮಲ್ಲಿ ವಾಚ್ ಸಾಯುವುದು ಹೆಚ್ಚಾಗಿ ಇಲ್ಲೇ. ಡಯಲ್ ಮೇಲೆ 30 ಮೀಟರ್ ಎಂದು ಬರೆದಿದ್ದರೆ 30 ಮೀಟರ್ ಆಳಕ್ಕೆ ಮುಳುಗಬಹುದು ಎಂದು ತಿಳಿಯಬೇಡಿ. ಅದು ನಿಂತ ನೀರಿನಲ್ಲಿ, ಹೊಸ ವಾಚಿನ ಮೇಲೆ, ಸ್ವಲ್ಪ ಹೊತ್ತು ಹಾಕಿ ನೋಡಿದ ಒತ್ತಡದ ಲೆಕ್ಕ. ಬಳಕೆಯಲ್ಲಿ 30 ಅಂದರೆ ಕೈ ತೊಳೆಯುವಾಗ ಸಿಡಿಯುವ ನೀರು, 50 ಅಂದರೆ ಮಳೆ, ಹೆಚ್ಚೆಂದರೆ ಸ್ವಲ್ಪ ಈಜು. ತಾಮ್ಹಿಣಿ ಘಾಟಿನ ಝರಿಗಳಲ್ಲಿ ಎದೆಮಟ್ಟ ಇಳಿಯುವವರು, ಜಲಪಾತದಲ್ಲಿ ಹಗ್ಗ ಹಿಡಿದು ಇಳಿಯುವವರು 100ಕ್ಕಿಂತ ಕಡಿಮೆಯದನ್ನು ನೋಡಲೇಬೇಡಿ. ಡೈವರ್ ವಾಚುಗಳ ಐಎಸ್‌ಒ 6425 ನಿಯಮದ ಪ್ರಕಾರ ಒಂದೊಂದು ವಾಚನ್ನೂ ಬರೆದ ಆಳಕ್ಕಿಂತ ಕಾಲುಪಾಲು ಹೆಚ್ಚಿನ ಒತ್ತಡದಲ್ಲಿ ಪರೀಕ್ಷಿಸಬೇಕು. ಆ ಗುರುತಿದ್ದರೆ ನಂಬಬಹುದು.

ಆದರೆ ನೀರು ತಡೆಯುವುದು ಆ ಅಂಕಿಯಲ್ಲ, ಹಿಂದಿನ ಮುಚ್ಚಳದಡಿ, ಗುಂಡಿಗಳ ಬುಡದಲ್ಲಿ ಕೂತಿರುವ ತೆಳ್ಳನೆಯ ರಬ್ಬರ್ ರಿಂಗು. ಅದಕ್ಕೆ ವಯಸ್ಸಾಗುತ್ತದೆ. ಬಿಸಿನೀರು, ಸೋಪು, ಬೆವರು ಅದನ್ನು ಇನ್ನೂ ಬೇಗ ಹಾಳುಮಾಡುತ್ತವೆ. ನನ್ನದೊಂದು ಒಳ್ಳೆಯ ವಾಚಿಗೆ ಜುಲೈನಲ್ಲಿ ಪೇಟೆಯ ಒಂದು ಅಂಗಡಿಯಲ್ಲಿ ಸೆಲ್ ಹಾಕಿಸಿದ್ದೆ. ಅಂಗಡಿಯವರು ಮುಚ್ಚಳ ತೆಗೆದು, ಸೆಲ್ ಕೂರಿಸಿ, ಹೆಬ್ಬೆರಳಲ್ಲಿ ಒತ್ತಿ ಕೊಟ್ಟರು. ರಿಂಗನ್ನು ಮುಟ್ಟಿಯೂ ನೋಡಲಿಲ್ಲ. ಮುಂದಿನ ಮಳೆಗೇ ಗಾಜಿನ ಒಳಗೆ ಮಂಜು ಕಟ್ಟಿತು, ತಿಂಗಳೊಳಗೆ ಡಯಲ್ಲಿನ ಅಂಚು ತುಕ್ಕು ಹಿಡಿಯಿತು. ರಿಂಗ್ ಸರಿಯಿದ್ದರೂ, ಮಳೆಗಾಲದ ತೇವದ ಗಾಳಿಯಲ್ಲಿ ತೆರೆದು ಮುಚ್ಚಿದರೆ ಆ ತೇವ ಒಳಗೇ ಉಳಿಯುತ್ತದೆ. ಮೈಬಿಸಿಗೆ ಬೆಚ್ಚಗಿದ್ದ ವಾಚನ್ನು ತಣ್ಣನೆಯ ಝರಿಗೆ ಹಿಡಿದ ಕೂಡಲೇ ಅದು ಗಾಜಿಗೆ ಕೂರುತ್ತದೆ. ಅದಕ್ಕೇ ಸೆಲ್ಲು ಏಪ್ರಿಲ್‌ನಲ್ಲೇ ಬದಲಿಸಿ. ಹೊಸ ರಿಂಗ್ ಹಾಕಿಸಿ, ಸಿಲಿಕೋನ್ ಗ್ರೀಸ್ ಹಚ್ಚಿಸಿ, ಪ್ರೆಶರ್ ಟೆಸ್ಟ್ ಮಾಡುವ ಯಂತ್ರ ಇರುವ ಕಡೆಯೇ ಕೊಡಿ. ನಾಲ್ಕು ನೂರು ಹೆಚ್ಚಾದರೂ ಸರಿ.

ಸೋಲಾರ್ ವಾಚ್ ಮೇಲೆ ನನಗೆ ಒಲವಿರುವುದು ಇದೇ ಕಾರಣಕ್ಕೆ: ವರ್ಷಗಟ್ಟಲೆ ಮುಚ್ಚಳ ತೆರೆಯುವ ಪ್ರಮೇಯವಿಲ್ಲ. ಮಳೆಗಾಲದಲ್ಲಿ ಜಾಕೆಟ್ಟಿನ ತೋಳಿನಡಿ ಬೆಳಕು ಸಿಗದಿದ್ದರೆ ಏನು ಗತಿ ಎಂದು ಕೇಳುತ್ತಾರೆ. ಪೂರ್ತಿ ಚಾರ್ಜ್ ಆದದ್ದು ಕತ್ತಲಲ್ಲೂ ತಿಂಗಳುಗಟ್ಟಲೆ ನಡೆಯುತ್ತದೆ, ಚಿಂತೆ ಬೇಡ.

ಬೆಲ್ಟಿನ ವಿಷಯದಲ್ಲಿ ಚರ್ಮದ ಮಾತೇ ಎತ್ತಬೇಡಿ. ಎರಡು ವಾರದ ಮಳೆಗೆ ಬೂಷ್ಟು ಬರುತ್ತದೆ. ಪ್ಲಾಸ್ಟಿಕ್ಕಿನ ರೆಸಿನ್ ಬೆಲ್ಟ್ ಒಳ್ಳೆಯದೇ, ಆದರೆ ಸೆಕೆ ಮತ್ತು ತೇವಕ್ಕೆ ಅದು ಒಳಗಿಂದೊಳಗೆ ಬಿರುಸಾಗುತ್ತದೆ. ಕಪಾಟಿನಲ್ಲಿ ಇಟ್ಟ ವಾಚಿನ ಬೆಲ್ಟು ಒಂದು ದಿನ ಕೈಯಲ್ಲೇ ಪುಡಿಯಾಗುವುದು ಇದಕ್ಕೇ. ನನ್ನ ಮೆಚ್ಚಿನದು ಒಂದೇ ಉದ್ದನೆಯ ನೈಲಾನ್ ಪಟ್ಟಿ. ಅದು ವಾಚಿಗೆ ಬೆಲ್ಟ್ ಸಿಕ್ಕಿಸುವ ಎರಡೂ ಪಿನ್ನುಗಳ ಕೆಳಗೆ ಹಾದು ಹೋಗುತ್ತದೆ. ಕಾರವಿ ಪೊದೆಗೆ ಸಿಕ್ಕಿ ಒಂದು ಪಿನ್ ಹಾರಿದರೂ ವಾಚ್ ಇನ್ನೊಂದರಲ್ಲಿ ನೇತಾಡುತ್ತದೆ, ಕಣಿವೆಗೆ ಬೀಳುವುದಿಲ್ಲ. ಒದ್ದೆಯಾದರೆ ಒಣಗಲು ತಡ, ಮಣಿಕಟ್ಟಿಗೆ ತುರಿಕೆ. ರಾತ್ರಿ ಬಿಚ್ಚಿಟ್ಟು ಮಲಗಿದರಾಯಿತು.

ಏಟಿನ ಬಗ್ಗೆ ಹೇಳುವುದಾದರೆ ಕ್ಯಾಸಿಯೊದ ಜಿ-ಶಾಕ್ ಹೆಸರು ಬಂದೇ ಬರುತ್ತದೆ, ಅದಕ್ಕೆ ಆ ಅರ್ಹತೆಯೂ ಇದೆ. ಅಪ್ಪ ಕೊಟ್ಟ ವಾಚ್ ಬಿದ್ದು ಒಡೆದದ್ದರಿಂದ ಕಿಕುಓ ಇಬೆ ಎಂಬ ಎಂಜಿನಿಯರ್ ಬೀಳಿಸಿದರೂ ಒಡೆಯದ ವಾಚ್ ಮಾಡಲು ಹಟ ಹಿಡಿದರು. 10 ಮೀಟರ್ ಎತ್ತರದಿಂದ ಬಿದ್ದರೂ ತಾಳಬೇಕು, 10 ಬಾರ್, ಅಂದರೆ 100 ಮೀಟರ್ ಗುರುತಿನ ನೀರಿನ ಒತ್ತಡ ತಡೆಯಬೇಕು, ಸೆಲ್ಲು 10 ವರ್ಷ ಬರಬೇಕು ಎಂದು ಗುರಿ ಇಟ್ಟುಕೊಂಡು 1983ರಲ್ಲಿ ಮೊದಲನೆಯದನ್ನು ಹೊರತಂದರು. ಒಳಗಿನ ಯಂತ್ರವನ್ನು ಕೆಲವೇ ಬಿಂದುಗಳಲ್ಲಿ ಹಿಡಿದು ತೇಲುವಂತೆ ಕೂರಿಸಿದ್ದೇ ಅದರ ಜಾಣ್ಮೆ. ನಾನು ಸುತ್ತಿಗೆಯಿಂದ ಇಲ್ಲಿನ ಕಪ್ಪು ಕಲ್ಲು ಬಸಾಲ್ಟ್ ಒಡೆಯುವಾಗ ಕೈಯಲ್ಲಿರುವುದು ಆ ವಂಶದ ಚೌಕ ವಾಚೇ.

ಮಿಲಿಟರಿ ಟೆಸ್ಟ್ ಅನ್ನುವ ಮಾತಿಗೆ ಮಾತ್ರ ಮರುಳಾಗಬೇಡಿ. ಮಿಲ್-ಎಸ್‌ಟಿಡಿ-810 ಅನ್ನುವುದು ಅಮೆರಿಕದ ರಕ್ಷಣಾ ಇಲಾಖೆಯ ಪರೀಕ್ಷಾ ವಿಧಾನಗಳ ದೊಡ್ಡ ಕಡತ. ಅದರಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು, ಹೇಗೆ ಮಾಡಬೇಕು ಎಂದು ಕಂಪನಿಯೇ ತೀರ್ಮಾನಿಸಬಹುದು. ಪಾಸು ಎಂದು ಸರ್ಟಿಫಿಕೇಟ್ ಕೊಡುವ ಸೇನೆಯ ಕಚೇರಿ ಯಾವುದೂ ಇಲ್ಲ. ಯಾವ ಪರೀಕ್ಷೆ ಎಂದು ಬಿಡಿಸಿ ಬರೆದಿರುವ ಕಂಪನಿಯನ್ನಷ್ಟೇ ನಂಬಿ.

ಇನ್ನು ಎತ್ತರ, ದಿಕ್ಕು. ಇದರಲ್ಲಿ ನಮ್ಮ ನೆಲ ಬೇರೆಯೇ ಅನ್ನುವುದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆ. ಇಂಥ ವಾಚುಗಳು ಹೆಚ್ಚಾಗಿ ಎತ್ತರ ಹೇಳುವುದು ಗಾಳಿಯ ಒತ್ತಡ ನೋಡಿ. ಒತ್ತಡ ಒಂದು ಹೆಕ್ಟೊಪಾಸ್ಕಲ್ (ಗಾಳಿಯ ಒತ್ತಡ ಅಳೆಯುವ ಮಾನ) ಇಳಿದರೆ ಸುಮಾರು 9 ಮೀಟರ್ ಏರಿದಿರಿ ಎಂದು ಅದು ಎಣಿಸುತ್ತದೆ. ಕುಳಿತಲ್ಲೇ ಒತ್ತಡ ಇಳಿದರೆ ಮಳೆಗಾಳಿ ಬರುತ್ತಿದೆ ಎಂದು ತಿಳಿಯಿರಿ ಅನ್ನುವುದು ಚಳಿ ದೇಶದವರ ಬುದ್ಧಿವಾದ. ಉಷ್ಣವಲಯದಲ್ಲಿ ಒತ್ತಡ ದಿನಕ್ಕೆರಡು ಸಲ ತಾನಾಗಿಯೇ ಏರಿಳಿಯುತ್ತದೆ. ಬೆಳಿಗ್ಗೆ ಮತ್ತು ರಾತ್ರಿ ಹತ್ತರ ಸುಮಾರಿಗೆ ಹೆಚ್ಚು, ಬೆಳಗಿನ ಜಾವ ಮತ್ತು ಸಂಜೆ ನಾಲ್ಕರ ಸುಮಾರಿಗೆ ಕಡಿಮೆ. ಎರಡು ಮೂರು ಹೆಕ್ಟೊಪಾಸ್ಕಲ್ ವ್ಯತ್ಯಾಸ ಇಲ್ಲಿ ಮಾಮೂಲು. ಅಂದರೆ ಹರಿಶ್ಚಂದ್ರಗಡದ ಗುಹೆಯಲ್ಲಿ ಅಲುಗಾಡದೆ ಕೂತರೂ ಬೆಳಿಗ್ಗೆಯಿಂದ ಸಂಜೆಯೊಳಗೆ ವಾಚ್ ನಿಮ್ಮನ್ನು ಇಪ್ಪತ್ತು ಮೂವತ್ತು ಮೀಟರ್ ಮೇಲೆ ಏರಿಸಿರುತ್ತದೆ. ಗೊತ್ತಿರುವ ಎತ್ತರಕ್ಕೆ ಆಗಾಗ ಹೊಂದಿಸಿಕೊಳ್ಳಬೇಕು. ಕಳಸೂಬಾಯಿ ತುದಿ 1,646 ಮೀಟರ್, ತೋರಣಾ 1,403. ಇಷ್ಟು ಶ್ರಮ ಪಡುವವರಿಗೆ ಅದು ಉಪಯುಕ್ತವೇ, ಉಳಿದವರಿಗೆ ದಂಡ.

ದಿಕ್ಸೂಚಿಯೂ ಅಷ್ಟೇ. ನಮ್ಮ ಬಸಾಲ್ಟ್‌ನಲ್ಲಿ ಮ್ಯಾಗ್ನೆಟೈಟ್ ಎಂಬ ಅಯಸ್ಕಾಂತ ಗುಣದ ಕಬ್ಬಿಣದ ಖನಿಜ ಇದೆ. ಸಿಡಿಲು ಬಡಿದ ತುದಿಗಳಲ್ಲಂತೂ ಬಂಡೆಯೇ ಅಯಸ್ಕಾಂತವಾಗಿರುತ್ತದೆ. ಬಂಡೆಗೆ ತಾಗಿ ನಿಂತು ಓದಿದ ದಿಕ್ಕನ್ನು ನಾಲ್ಕು ಹೆಜ್ಜೆ ಆಚೆ ಹೋಗಿ ಮತ್ತೊಮ್ಮೆ ನೋಡಿ. ಗಂಟೆ ಮುಳ್ಳನ್ನು ಸೂರ್ಯನಿಗೆ ಹಿಡಿದು, ಅದಕ್ಕೂ 12ಕ್ಕೂ ನಡುವಿನ ಗೆರೆ ದಕ್ಷಿಣ ಎನ್ನುವ ಉಪಾಯವನ್ನಂತೂ ಪುಣೆಯಲ್ಲಿ ಯಾರಿಗೂ ಕಲಿಸಬೇಡಿ. ಇಲ್ಲಿ ಮೇ ಮಧ್ಯದಿಂದ ಜುಲೈ ಕೊನೆಯವರೆಗೆ ನಡುಹಗಲ ಸೂರ್ಯ ನೆತ್ತಿಯ ಉತ್ತರಕ್ಕಿರುತ್ತಾನೆ, ಹೀಗೆ ಕಂಡುಕೊಂಡ ದಿಕ್ಕು ತಲೆಕೆಳಗಾಗುತ್ತದೆ. ಅದೂ ಅಲ್ಲದೆ ನಮ್ಮ ಗಡಿಯಾರದ ಸಮಯ 82.5 ಡಿಗ್ರಿ ರೇಖಾಂಶದ್ದು. ಪುಣೆ ಅದಕ್ಕೆ ಪಶ್ಚಿಮದಲ್ಲಿರುವುದರಿಂದ ಇಲ್ಲಿ ನಿಜವಾದ ನಡುಹಗಲು ಹನ್ನೆರಡೂವರೆಯ ಆಸುಪಾಸು.

ರೇಡಿಯೊ ಸಿಗ್ನಲ್ಲಿನಿಂದ ಸಮಯ ಸರಿಮಾಡಿಕೊಳ್ಳುವ ವಾಚಿಗೆ ಹೆಚ್ಚು ದುಡ್ಡು ಕೊಡಬೇಡಿ. ಅವು ಕೇಳುವ ಕೇಂದ್ರಗಳು ಜಪಾನ್, ಚೀನಾ, ಅಮೆರಿಕ, ಬ್ರಿಟನ್, ಜರ್ಮನಿಯಲ್ಲಿವೆ, ಭಾರತದಲ್ಲಿಲ್ಲ. ಜಿಪಿಎಸ್ ವಾಚ್ ದಾರಿ ಗುರುತಿಟ್ಟುಕೊಳ್ಳಲು ಒಳ್ಳೆಯದು, ಎರಡು ದಿನದ ಚಾರಣಕ್ಕೆ ಅದರ ಚಾರ್ಜ್ ಲೆಕ್ಕ ಹಾಕಿಕೊಂಡು ಹೊರಡಿ.

ಚಾವಿ ವಾಚಿನ ಬಗ್ಗೆ ಕೇಳುವವರೂ ಇದ್ದಾರೆ. ನಮ್ಮಪ್ಪ ಕಟ್ಟುತ್ತಿದ್ದದ್ದು ಎಚ್‌ಎಂಟಿ. 1961ರಲ್ಲಿ ಜಪಾನಿನ ಸಿಟಿಜನ್ ನೆರವಿನಿಂದ ಬೆಂಗಳೂರಲ್ಲಿ ಶುರುವಾದ ಆ ಕಾರ್ಖಾನೆಯ ವಾಚುಗಳ ಮೇಲೆ ನನಗೆ ಅಪಾರ ಗೌರವ. ಹಬ್ಬಕ್ಕೆ, ಮದುವೆಗೆ ಇವತ್ತಿಗೂ ಅದೇ ನನ್ನ ಕೈಯಲ್ಲಿ. ಆದರೆ ಸುತ್ತಿಗೆಯ ಕೆಲಸಕ್ಕೂ ಜುಲೈನ ಮಳೆಗೂ ಅದನ್ನು ಒಡ್ಡಲು ಮನಸ್ಸು ಬರುವುದಿಲ್ಲ, ಒಡ್ಡಲೂಬಾರದು. ಹೊಸಬರು ಸೆಲ್ಲಿನಿಂದ ನಡೆಯುವ ಕ್ವಾರ್ಟ್ಜ್ ವಾಚ್ ತಗೊಳ್ಳಿ.

ಯಾವ ವಾಚ್ ಕೊಂಡರೂ ಒಂದು ಅಲಾರ್ಮ್ ಇರಲಿ, ಅದನ್ನು ತಿರುಗಿ ಹೊರಡುವ ಹೊತ್ತಿಗೆ ಇಡಿ. ಜುಲೈನಲ್ಲಿ ಇಲ್ಲಿ ಸೂರ್ಯ ಮುಳುಗುವುದು ಏಳೂಕಾಲರ ಹೊತ್ತಿಗೆ, ಡಿಸೆಂಬರ್ ಮೊದಲಲ್ಲಿ ಆರಕ್ಕೇ. ಗಡದ ನೆರಳಿನ ಕಣಿವೆಯಲ್ಲಿ ಕತ್ತಲೆ ಅದಕ್ಕೂ ಮೊದಲೇ ಇಳಿಯುತ್ತದೆ, ಮಂಜು ಬಂದರೆ ಕೇಳುವುದೇ ಬೇಡ. ಕೊನೆಯ ಎಸ್‌ಟಿ (ಸರ್ಕಾರಿ) ಬಸ್ಸಿನ ಸಮಯ, ಇಳಿಯಲು ಬೇಕಾದ ತಾಸು, ಅದರ ಮೇಲೆ ಒಂದು ತಾಸು ಕೈಲಿಟ್ಟುಕೊಂಡು ಆ ಹೊತ್ತನ್ನು ಗುಂಪಿನವರೆಲ್ಲ ಕೆಳಗೇ ಒಪ್ಪಿಕೊಳ್ಳಬೇಕು. ಅಲಾರ್ಮ್ ಹೊಡೆದಾಗ ತುದಿಗೆ ಇನ್ನು ಅರ್ಧ ತಾಸಿನ ದಾರಿ ಉಳಿದಿದ್ದರೂ ತಿರುಗಬೇಕು.